ಟೈರ್ ಯಾವುದು ಅನ್ನೋದಕ್ಕಿಂತ ಮೊದಲು, ಹಾಕೋ ಅಂಗಡಿ ಯಾವುದು?

ಪ್ರಶ್ನೆ: ನನ್ನದು 2019ರ ಮಾರುತಿ ಸ್ವಿಫ್ಟ್ ವಿಎಕ್ಸ್‌ಐ. ಶಿವಮೊಗ್ಗದಲ್ಲಿದ್ದೇನೆ. 46 ಸಾವಿರ ಕಿ.ಮೀ. ಓಡಿದೆ, ಕಾರಿನ ಜೊತೆ ಬಂದ ಟೈರ್‌ಗಳೇ ಇನ್ನೂ ಇವೆ. ಹೆಂಡತಿಯ ತವರು ಉಡುಪಿ, ಹಾಗಾಗಿ ಆಗಾಗ ಆಗುಂಬೆ ಘಾಟಿ ಇಳಿಯಬೇಕು. ಒಂದು ಅಂಗಡಿಯವರು ನಾಲ್ಕೂ ಬದಲಿಸಿ ಅಂತಾರೆ. ಇನ್ನೊಬ್ಬರು ಒಂದು ಹೊಸ ಟೈರ್ ತಗೊಳ್ಳಿ, ಇನ್ನೊಂದಕ್ಕೆ ಸ್ಟೆಪ್ನಿ ಹಾಕಿ, ಮುಂದಿನ ಎರಡು ಬದಲಾದರೆ ಸಾಕು ಅಂತಾರೆ. ಯಾವ ಕಂಪನಿ ಒಳ್ಳೇದು? ಸ್ವಲ್ಪ ಅಗಲದ ಟೈರ್ ಹಾಕಿಸಬಹುದಾ? ಆನ್‌ಲೈನ್‌ನಲ್ಲಿ ಕಡಿಮೆಗೆ ಸಿಗುತ್ತೆ, ತರಿಸಲಾ? ನಂಬಿಕಸ್ತ ಅಂಗಡಿ ಹುಡುಕೋದು ಹೇಗೆ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಾಲ್ಕೂ ಬದಲಿಸಿ, ಮಳೆ ಹಿಡಿಯುವ ಮುಂಚೆ ಬದಲಿಸಿ. ಸ್ಟೆಪ್ನಿಯನ್ನು ಖಾಯಂ ಓಡಿಸುವ ಯೋಚನೆ ಬಿಡಿ. ಸೈಜು ಇದ್ದದ್ದೇ ಇರಲಿ. ಕಂಪನಿ ಯಾವುದು ಅನ್ನೋದು ನೀವು ಅಂದುಕೊಂಡಷ್ಟು ದೊಡ್ಡ ಪ್ರಶ್ನೆ ಅಲ್ಲ. ಎಲ್ಲರೂ ಕಂಪನಿ ಹೆಸರು ಮೊದಲು ಕೇಳುತ್ತಾರೆ, ಅಂಗಡಿ ವಿಚಾರ ಕೊನೆಗೆ. ನೀವೂ ಹಾಗೇ ಕೇಳಿದ್ದೀರಿ. ನನ್ನ ಪ್ರಕಾರ ಅದು ಉಲ್ಟಾ ಆಗಬೇಕು. ಸಾಧಾರಣ ಟೈರನ್ನು ಸರಿಯಾಗಿ ಕೂರಿಸಿ, ಅಲೈನ್‌ಮೆಂಟ್ (ಚಕ್ರಗಳು ನೇರ ಉರುಳುವ ಹಾಗೆ ಅವುಗಳ ಕೋನ ಹೊಂದಿಸೋದು) ನೆಟ್ಟಗೆ ಮಾಡಿಕೊಟ್ಟರೆ ಅದು ವರ್ಷಗಟ್ಟಲೆ ಬಾಳುತ್ತದೆ. ದುಬಾರಿ ಟೈರನ್ನೇ ತಂದು ಕಾಟಾಚಾರಕ್ಕೆ ಹಾಕಿ ಕಳಿಸಿದರೆ, ವರ್ಷ ಕಳೆಯುವುದರೊಳಗೆ ಒಳಬದಿ ಬೋಳಾಗಿರುತ್ತದೆ. ಆ ಒಳಬದಿ ನಿಮ್ಮ ಕಣ್ಣಿಗೆ ಬೀಳುವುದೂ ಇಲ್ಲ.

ಆದರೆ ಅಂಗಡಿಗೆ ಹೋಗುವ ಮುಂಚೆ ಮನೆ ಮುಂದೆಯೇ ಒಂದು ಕೆಲಸ ಮಾಡಿ. ಹಳೇ ಟೈರ್ ನೋಡಿ. ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ ಗಾಡಿ ಆಫ್ ಮಾಡಿದರೆ ಮುಂದಿನ ಟೈರಿನ ಮುಖ ಹೊರಗೆ ಕಾಣುತ್ತದೆ. ಮೊಬೈಲ್ ಟಾರ್ಚ್ ಹಾಕಿ ಗ್ರೂವ್ ಒಳಗೆ ನೋಡಿ. ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ರಬ್ಬರ್ ದಿಬ್ಬ ಇರುತ್ತದೆ. ಟೈರಿನ ಪಕ್ಕದಲ್ಲಿ ಟಿಡಬ್ಲ್ಯೂಐ ಅಂತಲೋ ಒಂದು ಪುಟ್ಟ ತ್ರಿಕೋನವೋ ಇದ್ದರೆ, ಅದರ ನೇರಕ್ಕೇ ಈ ದಿಬ್ಬ ಇರುತ್ತದೆ. ಬಟನ್, ಅಂದರೆ ರಸ್ತೆ ಮುಟ್ಟುವ ಉಬ್ಬು ರಬ್ಬರ್, ಸವೆದು ದಿಬ್ಬದ ಮಟ್ಟಕ್ಕೆ ಬಂತು ಅಂದರೆ 1.6 ಮಿ.ಮೀ. ಉಳಿದಿದೆ ಎಂದರ್ಥ. ಕಾನೂನು ಕಾರಿಗೆ ಒಪ್ಪುವ ಕನಿಷ್ಠ ಆಳ ಅದೇ. ಹೊಸ ಟೈರಿನಲ್ಲಿ 7–8 ಮಿ.ಮೀ. ಇರುತ್ತದೆ. ಘಾಟಿ ಇಳಿಯುವ ಕಾರಿಗೆ ನಾನು 1.6ರ ತನಕ ಕಾಯುವುದಿಲ್ಲ. 3 ಮಿ.ಮೀ.ಗೆ ಬಂದರೆ ಮಳೆಗಾಲಕ್ಕೆ ಅದು ಮುಗಿದ ಟೈರ್ ಅಂತಲೇ ಲೆಕ್ಕ.

ಇನ್ನು ವಯಸ್ಸು. ಟೈರಿನ ಪಕ್ಕದಲ್ಲಿ ಡಿಒಟಿ ಎಂದು ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 1819 ಅಂತಿದ್ದರೆ 2019ರ 18ನೇ ವಾರ. ಒಂದು ಕಡೆ ಈ ಅಂಕಿ ಕಾಣದಿದ್ದರೆ ಗಾಬರಿ ಬೇಡ. ಎಷ್ಟೋ ಟೈರ್‌ಗಳಲ್ಲಿ ಪೂರ್ತಿ ಸಾಲು ಒಂದು ಬದಿಗೆ ಮಾತ್ರ ಇರುತ್ತದೆ, ಆ ಬದಿ ಒಳಗಡೆ ಹೋಗಿರುತ್ತದೆ. ನಿಮ್ಮದು ಕಾರಿನ ಜೊತೆ ಬಂದ ಟೈರ್, ಅಂದರೆ ಆರು ವರ್ಷ ದಾಟಿದೆ. ರಬ್ಬರ್ ಓಡಿದರೆ ಮಾತ್ರ ಹಳೇದಾಗುವುದಲ್ಲ, ಸುಮ್ನೆ ಬಿಸಿಲಲ್ಲಿ ನಿಂತರೂ ಗಟ್ಟಿಯಾಗುತ್ತದೆ. ಐದು ವರ್ಷ ಆದ ಮೇಲೆ ಪ್ರತಿ ವರ್ಷ ಪರೀಕ್ಷೆ ಮಾಡಿಸಿ, ಎಷ್ಟೇ ಚೆನ್ನಾಗಿ ಕಂಡರೂ ಹತ್ತು ವರ್ಷ ಮೀರಿ ಬಳಸಬೇಡಿ ಅಂತ ಟೈರ್ ಕಂಪನಿಗಳೇ ಹೇಳುತ್ತವೆ. ನಮ್ಮ ಬಿಸಿಲು, ನಮ್ಮ ಗುಂಡಿ ನೋಡಿದರೆ ಆರು ವರ್ಷಕ್ಕೆ ಬೀಳ್ಕೊಡೋದು ಜಾಣತನ. ಉಗುರಿನಿಂದ ಬಟನ್ ಒತ್ತಿ ನೋಡಿ, ಆಮೇಲೆ ಯಾವುದಾದರೂ ಹೊಸ ಕಾರಿನ ಟೈರ್ ಒತ್ತಿ ನೋಡಿ. ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ.

ಈಗ ಮುಖ್ಯ ವಿಷಯ. ಟೈರ್ ಎಷ್ಟು ಸವೆದಿದೆ ಅನ್ನೋದಕ್ಕಿಂತ ಹೇಗೆ ಸವೆದಿದೆ ಅನ್ನೋದು ಜಾಸ್ತಿ ಹೇಳುತ್ತದೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ಹಾಕಿಸಿಕೊಂಡು ಓಡಿಸಿದ್ದೀರಿ. ಎರಡೂ ಅಂಚು ಸವೆದು ನಡುವೆ ಚೆನ್ನಾಗಿದ್ದರೆ ಗಾಳಿ ಕಡಿಮೆ ಇತ್ತು. ಒಂದೇ ಅಂಚು, ಅದರಲ್ಲೂ ಒಳ ಅಂಚು ಹೋಗಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಇನ್ನೊಂದು ಪರೀಕ್ಷೆ ಕಣ್ಣಿಗಲ್ಲ, ಕೈಗೆ. ಅಂಗೈಯನ್ನು ಟೈರಿನ ಮುಖದ ಮೇಲೆ ಅಡ್ಡಡ್ಡ ಸವರಿ, ಹೊರಗಿನಿಂದ ಒಳಗೆ, ಆಮೇಲೆ ಒಳಗಿನಿಂದ ಹೊರಗೆ. ಒಂದು ದಿಕ್ಕಿಗೆ ನುಣ್ಣಗೆ ಜಾರಿ, ಇನ್ನೊಂದು ದಿಕ್ಕಿಗೆ ಬಟನ್ ಅಂಚು ಕೈಗೆ ತರಚಿದ ಹಾಗಾದರೆ ಅದು ಟೋ ತಪ್ಪಿರುವ ಗುರುತು. ಅಂದರೆ ಚಕ್ರ ನೇರ ಉರುಳುವ ಬದಲು ಸ್ವಲ್ಪ ಓರೆಯಾಗಿ ಉಜ್ಜಿಕೊಂಡು ಹೋಗಿದೆ. ಬಟ್ಟಲು ಬಟ್ಟಲಾಗಿ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮ ಮಾಡೋದು) ಕಡೆ ನೋಡಬೇಕು. ಇವೆಲ್ಲ ಫೋಟೋ ತೆಗೆದಿಟ್ಟುಕೊಳ್ಳಿ, ಯಾವ ಟೈರ್ ಯಾವ ಚಕ್ರದ್ದು ಅಂತ ಬರೆದಿಡಿ. ಕಾರಿನ ತೊಂದರೆ ಸರಿ ಮಾಡದೆ ಹೊಸ ಟೈರ್ ಹಾಕಿದರೆ ಅದೂ ಇದೇ ದಾರಿ ಹಿಡಿಯುತ್ತದೆ.

ಪಕ್ಕದ ಗೋಡೆಯಲ್ಲಿ ಊತ ಕಂಡರೆ ಮಾತ್ರ ಒಂದು ದಿನವೂ ಕಾಯಬೇಡಿ. ಗುಂಡಿಗೆ ಬಡಿದು ಒಳಗಿನ ನೂಲಿನ ಪದರ ಹರಿದಿರುತ್ತದೆ, ಗಾಳಿ ರಬ್ಬರನ್ನು ಹೊರಗೆ ತಳ್ಳುತ್ತಿರುತ್ತದೆ. ಅದಕ್ಕೆ ರಿಪೇರಿ ಇಲ್ಲ. ಪ್ಯಾಚ್ ಹಾಕಿಕೊಡ್ತೀನಿ ಅನ್ನುವ ಅಂಗಡಿ ಸಿಕ್ಕರೆ, ಅಲ್ಲಿಗೆ ಮತ್ತೆ ಹೋಗಬೇಡಿ.

ಆಗುಂಬೆ ವಿಚಾರಕ್ಕೆ ಬರೋಣ. ವರ್ಷಕ್ಕೆ ಹೆಚ್ಚುಕಡಿಮೆ 7,000 ಮಿ.ಮೀ. ಮಳೆ ಸುರಿಯುವ ಜಾಗ, 14 ಹೇರ್‌ಪಿನ್ ತಿರುವು. ಇಲ್ಲಿ ಟೈರಿನಿಂದ ಎರಡು ಬೇರೆ ಬೇರೆ ಕೆಲಸ ಆಗಬೇಕು, ಜನ ಎರಡನ್ನೂ ಕಲಸಿಬಿಡುತ್ತಾರೆ. ತಿರುವಿನಲ್ಲಿ ನೀವು 20–25ರ ವೇಗದಲ್ಲಿರುತ್ತೀರಿ. ಆ ವೇಗದಲ್ಲಿ ಟೈರ್ ನೀರಿನ ಮೇಲೆ ತೇಲುವುದಿಲ್ಲ. ಅಲ್ಲಿ ಬೇಕಾದದ್ದು ಮೆತ್ತಗಿರುವ, ಒದ್ದೆ ರಸ್ತೆ ಕಚ್ಚಿ ಹಿಡಿಯುವ ರಬ್ಬರ್. ಹಾಗಾಗಿ ಬಟನ್ ಚೆನ್ನಾಗಿದ್ದರೂ ವಯಸ್ಸಾಗಿ ಗಟ್ಟಿಯಾದ ಟೈರ್ ಅಲ್ಲಿ ಜಾರುತ್ತದೆ. ಘಾಟಿ ಮುಗಿದು ಸೋಮೇಶ್ವರ, ಹೆಬ್ರಿ ದಾಟಿ ನೇರ ರಸ್ತೆಯಲ್ಲಿ 80ಕ್ಕೆ ಹೋಗುವಾಗ ನಿಂತ ನೀರು ಅಡ್ಡ ಬಂದರೆ, ಅಲ್ಲಿ ಗ್ರೂವ್ ಆಳದ ಕೆಲಸ. ಆಳ ಇಲ್ಲದಿದ್ದರೆ ನೀರು ಪಕ್ಕಕ್ಕೆ ಹೋಗಲು ದಾರಿಯಿಲ್ಲ, ಟೈರ್ ನೀರಿನ ಮೇಲೆ ಹತ್ತಿ ಕೂರುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ, ಬ್ರೇಕ್ ಒತ್ತಿದರೂ ಏನೂ ಆಗುವುದಿಲ್ಲ. ನಿಮ್ಮ ದಾರಿಯಲ್ಲಿ ಎರಡೂ ಇವೆ. ಅದಕ್ಕೇ ಹೇಳಿದ್ದು, ಆಳವೂ ಕಡಿಮೆ ವಯಸ್ಸೂ ಜಾಸ್ತಿ ಇರುವ ಟೈರ್ ಇಟ್ಟುಕೊಂಡು ಜೂನ್ ತಿಂಗಳಿಗೆ ಕಾಲಿಡಬೇಡಿ ಅಂತ.

ಈಗಲೇ ನಾಲ್ಕಕ್ಕೂ ದುಡ್ಡು ಹೊಂದಿಸಲು ಆಗದಿದ್ದರೆ ಎರಡು ಹಾಕಿಸಿ, ಪರವಾಗಿಲ್ಲ. ಆದರೆ ಹೊಸ ಎರಡು ಹಿಂದಕ್ಕೆ ಹೋಗಬೇಕು. ಹೌದು, ಹಿಂದಕ್ಕೆ. ಸ್ವಿಫ್ಟ್ ಮುಂದಿನ ಚಕ್ರದಿಂದ ಎಳೆಯುವ ಕಾರು, ಹೊಸದು ಮುಂದಕ್ಕೇ ಅಲ್ವಾ ಅಂತ ಅಂಗಡಿಯವರೂ ಹೇಳುತ್ತಾರೆ. ಮುಂದಿನ ಚಕ್ರ ಜಾರಿದರೆ ಸ್ಟೀರಿಂಗ್‌ನಲ್ಲಿ ಗೊತ್ತಾಗುತ್ತದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಮಾನ್ಯವಾಗಿ ಮತ್ತೆ ಹಿಡಿತ ಸಿಗುತ್ತದೆ. ಹಿಂದಿನದು ಜಾರಿದರೆ ಗೊತ್ತಾಗುವಷ್ಟರಲ್ಲಿ ಕಾರಿನ ಮುಖ ಹಿಂದಕ್ಕೆ ತಿರುಗಿರುತ್ತದೆ. ಅದನ್ನು ಸಂಭಾಳಿಸೋದು ಪಳಗಿದ ಡ್ರೈವರ್‌ಗೂ ಕಷ್ಟ.

ಸ್ಟೆಪ್ನಿ ಹಾಕಿ ಅಂದವರು ನಿಮ್ಮ ದುಡ್ಡು ಉಳಿಸಲು ಹೇಳಿರಬಹುದು, ಕೆಟ್ಟ ಉದ್ದೇಶ ಇರಲಿಕ್ಕಿಲ್ಲ. ಆದರೆ ಆ ಟೈರೂ 2019ರದ್ದೇ. ಡಿಕ್ಕಿಯೊಳಗೆ ಬಟನ್ ಹೊಸದಾಗಿಯೇ ಉಳಿದಿದೆ, ರಬ್ಬರ್ ಮಾತ್ರ ಉಳಿದವುಗಳ ಜೊತೆ ಜೊತೆಗೇ ಮುದಿಯಾಗಿದೆ. ಒಂದು ಕಡೆ ಹೊಚ್ಚ ಹೊಸದು, ಇನ್ನೊಂದು ಕಡೆ ಆರು ವರ್ಷದ್ದು ಹಾಕಿಕೊಂಡರೆ ಒಂದೇ ಆಕ್ಸಲ್‌ನ ಎರಡು ಚಕ್ರಕ್ಕೆ ಎರಡು ಥರದ ಹಿಡಿತ. ಬ್ರೇಕ್ ಹಾಕಿದಾಗ ಕಾರು ಒಂದು ಕಡೆ ಎಳೆಯುತ್ತದೆ. ನಾಲ್ಕು ಹೊಸದು ಹಾಕಿಸಿದ ಮೇಲೆ ಹಳೇ ನಾಲ್ಕರಲ್ಲಿ ಚೆನ್ನಾಗಿರುವುದನ್ನು ಇಟ್ಟುಕೊಳ್ಳುವ ಬದಲು ಈ ಸ್ಟೆಪ್ನಿಯನ್ನೇ ಸ್ಟೆಪ್ನಿಯಾಗಿ ಇರಲು ಬಿಡಿ. ಪಂಚರ್ ಆದರೆ ಅಂಗಡಿ ಮುಟ್ಟಿಸುವಷ್ಟು ದೂರ ಅದು ಸಾಕು. ಅದರ ಗಾಳಿ ಕೂಡ ನೋಡಿಸಿ. ಬೇಕಾದಾಗ ತೆಗೆದರೆ ಸ್ಟೆಪ್ನಿಯೇ ಚಪ್ಪಟೆ ಆಗಿರೋದು ನಮ್ಮ ಕಡೆ ಮಾಮೂಲು.

ಅಗಲದ ಟೈರ್ ಬಗ್ಗೆ. ನಿಮ್ಮ ವಿಎಕ್ಸ್‌ಐಗೆ ಬಂದಿರೋದು 165/80 ಆರ್14. ಮೊದಲನೆಯದು ಮಿಲಿಮೀಟರ್‌ನಲ್ಲಿ ಅಗಲ, ಎರಡನೆಯದು ಅಗಲದ ಶೇಕಡಾ ಎಷ್ಟು ಎತ್ತರದ ಗೋಡೆ ಅನ್ನೋದು, 14 ಅಂದರೆ ರಿಮ್ ಇಂಚು. ಲೆಕ್ಕ ಹಾಕಿದರೆ ಪೂರ್ತಿ ಚಕ್ರದ ವ್ಯಾಸ ಸುಮಾರು 620 ಮಿ.ಮೀ. ಇದೇ ಸ್ವಿಫ್ಟ್‌ನ ಝಡ್‌ಎಕ್ಸ್‌ಐಗೆ ಬರೋದು 185/65 ಆರ್15. ಅದನ್ನು ಲೆಕ್ಕ ಹಾಕಿ, ಸುಮಾರು 621. ಮಾರುತಿಯವರು ರಿಮ್ ದೊಡ್ಡದು ಮಾಡಿ ಗೋಡೆ ಕಡಿಮೆ ಮಾಡಿದರು, ವ್ಯಾಸ ಮುಟ್ಟಲಿಲ್ಲ. ಸ್ಪೀಡೋಮೀಟರ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ), ಗೇರ್ ಎಲ್ಲ ಆ ವ್ಯಾಸವನ್ನೇ ನಂಬಿಕೊಂಡಿವೆ. ಹಾಗಾಗಿ ನಿಜವಾಗಲೂ ಅಗಲ ಬೇಕೇ ಬೇಕು ಅಂದರೆ ಆ ಝಡ್‌ಎಕ್ಸ್‌ಐ ಸೈಜಿಗೆ, ಸರಿಯಾದ 15 ಇಂಚಿನ ರಿಮ್ ಸಮೇತ ಹೋಗಿ. ಇರುವ 14ರ ರಿಮ್‌ಗೇ 185/70 ಹಾಕಿಕೊಡುತ್ತೇವೆ ಅಂತ ತುಂಬಾ ಅಂಗಡಿಗಳು ಹೇಳುತ್ತವೆ. ಅದರ ವ್ಯಾಸವೂ ಶೇ. 1ರಷ್ಟೇ ವ್ಯತ್ಯಾಸ, ಕೂರುವುದೇನೋ ಕೂರುತ್ತದೆ. ಆದರೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ಸ್ಟೀರಿಂಗ್ ಭಾರ ಆಗುತ್ತದೆ, ಮತ್ತೆ ಒಂದು ಮಾತು ಯಾರೂ ಹೇಳುವುದಿಲ್ಲ: ನಿಂತ ನೀರಿನಲ್ಲಿ ಅಗಲದ ಟೈರ್ ಬೇಗ ತೇಲುತ್ತದೆ, ಸಪೂರದ್ದು ನೀರು ಸೀಳಿಕೊಂಡು ಹೋಗುತ್ತದೆ. ನಿಮ್ಮ ದಾರಿಗೆ ಕಂಪನಿ ಕೊಟ್ಟ ಸೈಜೇ ಸರಿ. ಸೈಜಿನ ಪಕ್ಕ 85ಟಿ ಅಥವಾ 85ಎಸ್ ಅನ್ನುವಂಥ ಗುರುತು ಇರುತ್ತದೆ. 85 ಅಂದರೆ ಒಂದು ಟೈರ್ 515 ಕಿಲೋ ಹೊರಬಲ್ಲದು. ಎಸ್ ಅಂದರೆ ಗಂಟೆಗೆ 180, ಟಿ ಅಂದರೆ 190 ಕಿ.ಮೀ. ತನಕ ತಡೆಯುತ್ತದೆ. ಹೊಸದರಲ್ಲಿ ಈ ಎರಡು ಈಗಿರುವುದಕ್ಕಿಂತ ಕಡಿಮೆ ಇರಬಾರದು, ಜಾಸ್ತಿ ಇದ್ದರೆ ತೊಂದರೆ ಇಲ್ಲ.

ಕಂಪನಿ ಯಾವುದು? ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ, ಬ್ರಿಜ್‌ಸ್ಟೋನ್, ಗುಡ್‌ಇಯರ್, ಯೊಕೊಹಾಮಾ, ಮಿಶೆಲಿನ್, ಯಾವುದು ತಗೊಂಡರೂ ಐಎಸ್‌ಐ ಗುರುತು ಇಲ್ಲದೆ ಇಲ್ಲಿ ಮಾರುವಂತಿಲ್ಲ, ಕನಿಷ್ಠ ಗುಣಮಟ್ಟ ಇದ್ದೇ ಇರುತ್ತದೆ. ಕಂಪನಿಗಿಂತ ಆ ಕಂಪನಿಯ ಯಾವ ಸರಣಿ ಅನ್ನೋದು ನೋಡಿ. ಹೆಚ್ಚಿನವರ ಬಳಿ ಎರಡು ಜಾತಿ ಇರುತ್ತವೆ. ಒಂದು ಬಾಳಿಕೆಗೆ ಮಾಡಿದ್ದು, ಅಪೊಲೊ ಅಮೇಜರ್ 4ಜಿ ಲೈಫ್, ಸಿಯೆಟ್ ಮೈಲೇಜ್ ಥರದವು. ಇನ್ನೊಂದು ಹಿಡಿತಕ್ಕೆ, ಆರಾಮಕ್ಕೆ ಮಾಡಿದ್ದು, ಅಪೊಲೊ ಆಲ್ನಾಕ್, ಸಿಯೆಟ್ ಸೆಕ್ಯುರಾಡ್ರೈವ್ ಥರದವು. ಟ್ಯಾಕ್ಸಿ ಓಡಿಸುವವರು ಮೊದಲನೆಯದನ್ನು ಹೊಗಳುತ್ತಾರೆ, ಅವರ ಲೆಕ್ಕ ಕಿಲೋಮೀಟರ್‌ಗೆ ಎಷ್ಟು ಪೈಸೆ ಅನ್ನೋದು. ನೀವು ಆರು ವರ್ಷಕ್ಕೆ 46 ಸಾವಿರ ಓಡಿಸಿದವರು. ನಿಮ್ಮ ಟೈರ್ ಸವೆದು ಮುಗಿಯುವ ಮುಂಚೆ ವಯಸ್ಸಾಗಿ ಮುಗಿಯುತ್ತದೆ. ಎಂಬತ್ತು ಸಾವಿರ ಬಾಳುವ ಟೈರ್ ತಗೊಂಡು ನೀವೇನು ಮಾಡುತ್ತೀರಿ? ಒದ್ದೆಯಲ್ಲಿ ಹಿಡಿತ ಚೆನ್ನಾಗಿರುವ ಸರಣಿ ಕೇಳಿ, ನಿಮ್ಮ ಸೈಜಿನಲ್ಲಿ ಯಾವ ಕಂಪನಿಯದು ಹೊಸ ಸ್ಟಾಕ್ ಇದೆಯೋ ಅದನ್ನು ತಗೊಳ್ಳಿ. ಕೆಲವು ಟೈರ್ ಮೇಲೆ ಫ್ರಿಜ್ಜಿಗೆ ಇರುವಂಥ ಬಿಇಇ ಸ್ಟಾರ್ ಚೀಟಿ ಅಂಟಿಸಿರುತ್ತಾರೆ. ಅದು ಇಂಧನ ಉಳಿತಾಯದ ಸ್ಟಾರ್, ಬ್ರೇಕಿನ ಸ್ಟಾರ್ ಅಲ್ಲ. ಇನ್ನು ಕನ್ನಡ ನಾಡಿನದೇ ಟೈರ್ ಬೇಕು ಅನ್ನುವ ಆಸೆ ಇದ್ದರೆ ಜೆಕೆಯವರ ಕಾರ್ಖಾನೆ ಮೈಸೂರಿನಲ್ಲಿದೆ. ಹಿಂದೆ ಸರ್ಕಾರದ ವಿಕ್ರಾಂತ್ ಟೈರ್ಸ್ ಆಗಿದ್ದದ್ದು, 1997ರಲ್ಲಿ ಜೆಕೆ ಕೊಂಡುಕೊಂಡಿತು. ಮೈಸೂರಿನ ಹಳಬರು ಈಗಲೂ ವಿಕ್ರಾಂತ್ ಅಂತಲೇ ಅನ್ನುತ್ತಾರೆ.

ಸರಿ, ಅಂಗಡಿ. ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗಿ ಕೇಳಿ, ಆದರೆ ಯಾವ ಟೈರ್ ಒಳ್ಳೇದು ಅಂತ ಕೇಳಬೇಡಿ. ಅಲೈನ್‌ಮೆಂಟ್ ಎಲ್ಲಿ ಮಾಡಿಸ್ತೀರಿ ಅಂತ ಕೇಳಿ. ದಿನಾ ಓಡಿಸುವವರಿಗೆ ಅಲೈನ್‌ಮೆಂಟ್ ಕೆಟ್ಟರೆ ಟೈರ್ ಹೋಗುತ್ತದೆ, ಟೈರ್ ಹೋದರೆ ಜೇಬಿಗೆ ಕತ್ತರಿ. ಮೂರು ನಾಲ್ಕು ಜನ ಒಂದೇ ಹೆಸರು ಹೇಳಿದರೆ ಅಲ್ಲಿಗೆ ಹೋಗಿ, ಆದರೆ ಮೊದಲ ಸಲ ಟೈರ್ ಕೊಳ್ಳಲು ಹೋಗಬೇಡಿ. ಗಾಳಿ ಹಾಕಿಸಲು, ಇಲ್ಲ ಇರುವ ಟೈರಿನ ಅಲೈನ್‌ಮೆಂಟ್ ನೋಡಿಸಲು ಹೋಗಿ. ಅಲ್ಲೇ ನಿಂತು ನೋಡಿ. ಒಳ್ಳೇ ಹುಡುಗ ಮೆಷಿನ್ ಹಚ್ಚುವ ಮುಂಚೆ ನಾಲ್ಕೂ ಚಕ್ರದ ಗಾಳಿ ನೋಡುತ್ತಾನೆ. ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ಟೈರಾಡ್ ಎಂಡ್, ಬಾಲ್ ಜಾಯಿಂಟ್‌ನಲ್ಲಿ (ಚಕ್ರವನ್ನು ಸ್ಟೀರಿಂಗ್, ಸಸ್ಪೆನ್ಶನ್‌ಗೆ ಜೋಡಿಸುವ ಕೀಲುಗಳಲ್ಲಿ) ಆಟ ಇದೆಯಾ ಅಂತ ನೋಡುತ್ತಾನೆ. ಆಟ ಇದ್ದರೆ ಅಲೈನ್‌ಮೆಂಟ್ ಮಾಡಿ ಪ್ರಯೋಜನ ಇಲ್ಲ, ಮೊದಲು ಅದು ಬದಲಿಸಿ ಬನ್ನಿ ಅಂತ ವಾಪಸ್ ಕಳಿಸುತ್ತಾನೆ. ಹಾಗೆ ಬಂದ ಗಿರಾಕಿಯನ್ನು ವಾಪಸ್ ಕಳಿಸುವ ಅಂಗಡಿ ಸಿಕ್ಕರೆ ಬಿಡಬೇಡಿ.

ಮೆಷಿನ್ ಪರದೆ ಮೇಲೆ ನಿಮ್ಮ ಕಾರಿನ ಹೆಸರು, ಮಾಡೆಲ್ ಸರಿಯಾಗಿದೆಯಾ ನೋಡಿ. ಹಿಂದಿನ ಗಿರಾಕಿಯ ಕಾರಿನ ಅಳತೆಯಲ್ಲೇ ನಿಮ್ಮದೂ ಮುಗಿಸಿಬಿಡುವುದು ಉಂಟು. ಮುಗಿದ ಮೇಲೆ ಪ್ರಿಂಟ್ ಕೇಳಿ, ಮೊದಲು ಎಷ್ಟಿತ್ತು ಆಮೇಲೆ ಎಷ್ಟಾಯಿತು ಎರಡೂ ಇರುವ ಪ್ರಿಂಟ್. ಪ್ರಿಂಟರ್ ಕೆಟ್ಟಿದೆ ಅಂದರೆ ಪರದೆಯ ಫೋಟೋ ತೆಗೆದುಕೊಳ್ಳಿ. ನಿಮ್ಮ ಕಾರಿನಲ್ಲಿ ಮಾಮೂಲಾಗಿ ಸರಿಮಾಡುವುದು ಮುಂದಿನ ಟೋ. ಹಿಂದಿನ ಆಕ್ಸಲ್ ಒಂದೇ ತೊಲೆ, ಅದಕ್ಕೆ ತಿರುಗಿಸುವ ಬೋಲ್ಟೇ ಇಲ್ಲ. ಹಾಗಾಗಿ "ಹಿಂದಿನ ಅಲೈನ್‌ಮೆಂಟೂ ಮಾಡಿದ್ದೀವಿ ಸಾರ್" ಅಂತ ಬಿಲ್ಲಿನಲ್ಲಿ ಸೇರಿಸಿದರೆ ಎಲ್ಲಿ ತಿರುಗಿಸಿದಿರಿ ತೋರಿಸಿ ಅನ್ನಿ. "ಕ್ಯಾಂಬರ್ ಔಟ್ ಆಗಿದೆ, ಬೆಂಡ್ ತೆಗೀಬೇಕು" ಅನ್ನೋದು ಇನ್ನೊಂದು ಹಾಡು. ಕ್ಯಾಂಬರ್ ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ. ಅದು ನಿಜವಾಗಿ ತಪ್ಪಿದ್ದರೆ ಏನೋ ಬಾಗಿದೆ ಅಥವಾ ಬುಶ್ ಹೋಗಿದೆ. ಜಾಕಿ ಕೊಟ್ಟು ಬಗ್ಗಿಸಿ ಅಂಕಿ ಹಸಿರು ಮಾಡೋದು ರಿಪೇರಿ ಅಲ್ಲ. ಅಂಥದ್ದು ಹೇಳಿದರೆ ಇನ್ನೊಂದು ಕಡೆ ತೋರಿಸಿ ಆಮೇಲೆ ಒಪ್ಪಿಕೊಳ್ಳಿ. ಅಂದ ಹಾಗೆ ಅಲೈನ್‌ಮೆಂಟ್ ಆದ ಮೇಲೂ ಸ್ಟೀರಿಂಗ್ ಬಿಟ್ಟರೆ ಕಾರು ಸ್ವಲ್ಪ ಎಡಕ್ಕೆ ವಾಲಿದರೆ ಜಗಳಕ್ಕೆ ಹೋಗಬೇಡಿ. ನೀರು ಹರಿಯಲು ನಮ್ಮ ರಸ್ತೆ ಎಡಕ್ಕೇ ಇಳಿಜಾರು ಇರುತ್ತದೆ. ಜೋರಾಗಿ ಎಳೆದರೆ ಮಾತ್ರ ವಾಪಸ್ ಹೋಗಿ.

ದರ ಕೇಳುವಾಗ ಟೈರಿನ ದರ ಮಾತ್ರ ಕೇಳಬೇಡಿ. ಫಿಟ್ಟಿಂಗ್, ಹೊಸ ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲ ಸೇರಿ, ಹಳೇ ಟೈರಿಗೆ ಅಂಗಡಿಯವರು ಕೊಡೋದು ಕಳೆದು, ಬಿಲ್ ಸಮೇತ ನಾಲ್ಕಕ್ಕೆ ಎಷ್ಟು ಅಂತ ಕೇಳಿ. ಫೋನಿನಲ್ಲೇ ಇನ್ನೊಂದು ಕೇಳಿ: ಟೈರ್ ಯಾವ ವಾರದ್ದು? ಸ್ಟಾಕ್ ನೋಡಿ ಹೇಳ್ತೀನಿ ಅಂದವರು ಸರಿ. "ಎಲ್ಲ ಫ್ರೆಶ್ ಸಾರ್, ಬನ್ನಿ" ಅಂದವರ ಹತ್ತಿರ ಹೋದಾಗ ನೀವೇ ಓದಿ ನೋಡಬೇಕು. ಆರು ತಿಂಗಳೊಳಗಿನದು ಚೆನ್ನ, ವರ್ಷದೊಳಗಿನದು ಪರವಾಗಿಲ್ಲ, ಅದಕ್ಕಿಂತ ಹಳೇದಾದರೆ ದರ ಇಳಿಸಲಿ ಅಥವಾ ಬೇರೆ ತರಿಸಲಿ. ನಾಲ್ಕೂ ನೋಡಿ, ಒಂದನ್ನು ತೋರಿಸಿ ಉಳಿದ ಮೂರು ಹಳೇದು ಹಾಕುವ ಕೈಚಳಕ ಇದೆ.

ಟೈರಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಮೂಲ ಬೆಲೆ 4,000 ಅಂತ ಇಟ್ಟುಕೊಂಡರೆ ಮೊದಲು 5,120 ಆಗುತ್ತಿತ್ತು, ಈಗ 4,720. ಟೈರಿಗೆ 400, ನಾಲ್ಕಕ್ಕೆ 1,600. ಆ ಇಳಿಕೆ ನಿಮಗೆ ಸಿಕ್ಕಿದೆಯಾ ಅಂತ ಬಿಲ್ಲಿನಲ್ಲಿ ನೋಡಿ. ಬಿಲ್ ಬೇಡ ಅಂದರೆ ಇನ್ನೂ ಕಡಿಮೆ ಮಾಡ್ತೀನಿ ಅನ್ನುವವರಿಗೆ ಒಪ್ಪಬೇಡಿ. ಬಿಲ್ಲಿನಲ್ಲಿ ಟೈರ್ ನಂಬರ್ ಬರೆದಿದ್ದರೆ ಮಾತ್ರ ಆಮೇಲೆ ತಯಾರಿಕೆಯ ದೋಷ ಬಂದರೆ ವಾರಂಟಿ ಕೇಳಲು ಬಾಯಿ ಇರುತ್ತದೆ. ಆಗಲೂ ಕಂಪನಿಯವರು ಉಳಿದ ಬಟನ್ ಅಳೆದು, ಓಡಿದ್ದಕ್ಕೆ ಕಳೆದು ಉಳಿದದ್ದು ಕೊಡುತ್ತಾರೆ. ಗುಂಡಿಗೆ ಬಿದ್ದು ಹೋದದ್ದಕ್ಕೆ ಮಾಮೂಲಿ ವಾರಂಟಿ ಬರುವುದಿಲ್ಲ. ಇನ್ಶೂರೆನ್ಸ್ ಕೂಡ ಅಷ್ಟೇ. ಟೈರ್ ಒಂದೇ ಹಾಳಾದರೆ ಮಾಮೂಲಿ ಪಾಲಿಸಿಯಲ್ಲಿ ಏನೂ ಇಲ್ಲ, ಕಾರಿಗೂ ಪೆಟ್ಟಾಗಿದ್ದರೆ ಟೈರಿನ ಬೆಲೆಯ ಅರ್ಧದ ತನಕ.

ಹಾಕುವ ದಿನ ಅವಸರ ಇಟ್ಟುಕೊಳ್ಳಬೇಡಿ, ಶನಿವಾರ ಸಂಜೆ ಹೋಗಬೇಡಿ. ವಾರದ ದಿನ ಬೆಳಿಗ್ಗೆ ಹೋಗಿ ಹತ್ತಿರ ನಿಲ್ಲಿ. ಹಳೇ ಟೈರ್ ಬಿಚ್ಚಿದ ಮೇಲೆ ರಿಮ್‌ನ ಅಂಚು ನೋಡಿ. ನಿಮ್ಮದು ಸ್ಟೀಲ್ ರಿಮ್, ಕರಾವಳಿಗೆ ಓಡಾಡಿದ ಕಾರು, ಅಂಚಿನಲ್ಲಿ ತುಕ್ಕು ಇದ್ದೇ ಇರುತ್ತದೆ. ಅದನ್ನು ವೈರ್ ಬ್ರಷ್‌ನಿಂದ ಉಜ್ಜಿ ತೆಗೆಯದೆ ಹೊಸ ಟೈರ್ ಏರಿಸಿದರೆ ವಾರಕ್ಕೆ ಎರಡು ಮೂರು ಪಾಯಿಂಟ್ ಗಾಳಿ ಇಳಿಯುತ್ತದೆ, ಪಂಚರ್ ಎಲ್ಲಿದೆ ಅಂತ ನೀವು ಹುಡುಕುತ್ತಾ ಕೂರಬೇಕು. ವಾಲ್ವ್ ರಬ್ಬರ್ ಕತ್ತರಿಸಿ ಹೊಸದು ಹಾಕಲಿ, ಅದಕ್ಕೂ ಆರು ವರ್ಷ ಆಗಿದೆ. ಟೈರ್ ಅಂಚಿಗೆ ಸೋಪಿನ ಪೇಸ್ಟ್ ಹಚ್ಚಬೇಕು, ಗ್ರೀಸ್ ಅಥವಾ ಹಳೇ ಎಂಜಿನ್ ಆಯಿಲ್ ಅಲ್ಲ. ಹೊಸ ಟೈರಿನ ಗೋಡೆಯಲ್ಲಿ ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರ ಜಾಗ. ಅದನ್ನು ವಾಲ್ವ್ ನೇರಕ್ಕೆ ತಂದು ಕೂರಿಸಿದರೆ ಬ್ಯಾಲೆನ್ಸಿಂಗ್ ತೂಕ ಕಡಿಮೆ ಸಾಕು. ಗೊತ್ತಿರುವ ಹುಡುಗ ಹೇಳದೆಯೇ ಹಾಗೆ ಮಾಡುತ್ತಾನೆ, ಅವನು ಮಾಡುವುದು ಕಂಡರೆ ನೀವು ನೆಮ್ಮದಿಯಾಗಿ ಟೀ ಕುಡಿಯಲು ಹೋಗಬಹುದು. ಗೋಡೆ ಮೇಲೆ ಬಾಣದ ಗುರುತು ಇದ್ದರೆ ಅದು ಮುಂದಕ್ಕೆ ತಿರುಗುವ ದಿಕ್ಕಿಗೆ ಇರಬೇಕು, ಔಟ್‌ಸೈಡ್ ಅಂತ ಬರೆದಿದ್ದರೆ ಆ ಬರಹ ಹೊರಗೆ ಕಾಣಬೇಕು.

ಬ್ಯಾಲೆನ್ಸಿಂಗ್ ಮೆಷಿನ್‌ನಲ್ಲಿ ತೂಕ ಹೊಡೆದ ಮೇಲೆ ಮತ್ತೊಮ್ಮೆ ತಿರುಗಿಸಿ ಎರಡೂ ಬದಿ ಸೊನ್ನೆ ಬಂದದ್ದು ನೋಡಿ. ಒಂದು ಚಕ್ರಕ್ಕೆ ತುಂಬಾ ತೂಕ ಬೇಡುತ್ತಿದ್ದರೆ ಸಾಲುಸಾಲು ಸೀಸ ಹೊಡೆಯುವ ಬದಲು ಟೈರನ್ನು ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಲು ಹೇಳಿ. ನಟ್ಟುಗಳನ್ನು ಗನ್ನಿನಿಂದ ಗರ್ರ್ ಅಂತ ಕೊನೆ ತನಕ ಬಿಗಿಯಬಾರದು. ಕೈಯಲ್ಲಿ ಹತ್ತಿಸಿ, ಗನ್ನಿನಲ್ಲಿ ಹಗುರಾಗಿ ಕೂರಿಸಿ, ಕೊನೆಗೆ ಟಾರ್ಕ್ ರೆಂಚ್, ಅಂದರೆ ಎಷ್ಟು ಬಿಗಿಯಾಯಿತು ಅಂತ ಅಳೆದು ಬಿಗಿಯುವ ಪಾನಾ. ಟಾರ್ಕ್ ರೆಂಚ್ ಇಲ್ಲದ ಅಂಗಡಿಯಾದರೆ ಕೈ ಪಾನಾದಲ್ಲಿ ಅಡ್ಡಡ್ಡ ಕ್ರಮದಲ್ಲಿ ಬಿಗಿಯಲಿ. ಗನ್ನಿನಲ್ಲಿ ಕಚ್ಚಿಸಿದ ನಟ್ಟನ್ನು ರಾತ್ರಿ ಘಾಟಿಯಲ್ಲಿ ಕಾರಿನ ಜೊತೆ ಕೊಟ್ಟ ಪಾನಾದಿಂದ ಬಿಚ್ಚಲು ಆಗುವುದಿಲ್ಲ.

ಗಾಳಿ ಎಷ್ಟು ಅಂತ ಡ್ರೈವರ್ ಬಾಗಿಲ ಹತ್ತಿರದ ಚೀಟಿಯಲ್ಲಿ ಇದೆ. ಟೈರ್ ಮೇಲೆ ಬರೆದಿರೋದು ಗರಿಷ್ಠ ಒತ್ತಡ, ಅಷ್ಟು ಹಾಕಬಾರದು. ಅಂಚು ಕೂರಿಸಲು ಜಾಸ್ತಿ ಗಾಳಿ ಹೊಡೆದು ಇಳಿಸಲು ಮರೆತು ಕಳಿಸುವುದು ಎಲ್ಲಾ ಕಡೆ ಆಗುತ್ತದೆ, ಹೊರಡುವ ಮುಂಚೆ ನೋಡಿಸಿ. ನೈಟ್ರೋಜನ್ ಬೇಕಾ ಅಂತ ಕೇಳುತ್ತಾರೆ. ಮಾಮೂಲಿ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ತಿಂಗಳಿಗೆ ಎರಡು ಸಲ ಬೆಳಿಗ್ಗೆ ಬಂಕ್‌ನಲ್ಲಿ ಗಾಳಿ ನೋಡಿಸುವ ಅಭ್ಯಾಸ ಇದ್ದರೆ ಆ ದುಡ್ಡು ಉಳಿಸಿ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಹುಷಾರಾಗಿ ಓಡಿಸಿ, ಅಚ್ಚಿನಿಂದ ಬಂದ ನುಣುಪು ಹೋಗಬೇಕು. ಟೈರ್ ಹಾಕಿಸಿದ ಮರುದಿನವೇ ಉಡುಪಿಗೆ ಹೊರಡಬೇಡಿ. ಎಂಟು ಹತ್ತು ಸಾವಿರಕ್ಕೊಮ್ಮೆ ಮುಂದಿನದು ಹಿಂದಕ್ಕೆ ಹಾಕಿಸಿ, ಆಗಲೇ ಅಲೈನ್‌ಮೆಂಟೂ ನೋಡಿಸಿ.

ಆನ್‌ಲೈನ್ ಬಗ್ಗೆ ನನಗೆ ಮಡಿವಂತಿಕೆ ಇಲ್ಲ. ದರ ತಿಳಿಯಲು ಖಂಡಿತ ನೋಡಿ, ಆ ದರವನ್ನು ಮೊಬೈಲಿನಲ್ಲಿ ತೋರಿಸಿ ಅಂಗಡಿಯವರ ಹತ್ತಿರ ಚೌಕಾಸಿ ಮಾಡಿ, ಬಹಳಷ್ಟು ಜನ ಹತ್ತಿರ ಹತ್ತಿರ ಬರುತ್ತಾರೆ. ತರಿಸಲೇಬೇಕು ಅಂದರೆ ತಯಾರಾದ ವಾರ ನಿಮ್ಮ ಆಯ್ಕೆಯಲ್ಲಿ ಇರುತ್ತದಾ, ಹಳೇದು ಬಂದರೆ ವಾಪಸ್ ತಗೊಳ್ಳುತ್ತಾರಾ ಅಂತ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಆಮೇಲೆ ಫಿಟ್ಟಿಂಗಿಗೆ ಹೇಗಿದ್ದರೂ ಒಂದು ಅಂಗಡಿಗೆ ಹೋಗಬೇಕು, ಅಲ್ಲಿ ಹೊರಗಿನ ಟೈರ್ ಅಂತ ಜಾಸ್ತಿ ಕೂಲಿ ಕೇಳುತ್ತಾರೆ. ಮುಂದೆ ಟೈರಿನಲ್ಲಿ ಅದುರು ಬಂದರೆ ಮಾರಿದವರು ಫಿಟ್ಟಿಂಗ್ ಸರಿಯಿಲ್ಲ ಅನ್ನುತ್ತಾರೆ, ಹಾಕಿದವರು ಟೈರೇ ಸರಿಯಿಲ್ಲ ಅನ್ನುತ್ತಾರೆ, ನಡುವೆ ನೀವು. ನಾಲ್ಕಕ್ಕೆ ಸೇರಿ ಒಂದೂವರೆ ಎರಡು ಸಾವಿರಕ್ಕಿಂತ ಕಡಿಮೆ ಉಳಿತಾಯ ಇದ್ದರೆ ನಾನು ಆ ತಂಟೆಗೆ ಹೋಗುವುದಿಲ್ಲ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ತಗೊಂಡು ಬರಲಾ ಅಂತ ಮುಂದಿನ ಪ್ರಶ್ನೆ ಬರಬಹುದು. ಅದಕ್ಕೂ ಇದೇ ಉತ್ತರ. ಅಲ್ಲಿ ದರ ಚೆನ್ನಾಗಿ ಸಿಗುತ್ತದೆ, ಆದರೆ ಸ್ಟೀರಿಂಗ್ ಅದುರಿದರೆ ನೀವು ಹೋಗೋದು ಶಿವಮೊಗ್ಗದ ಅಂಗಡಿಗೇ ಅಲ್ವಾ?